ಸಿ.ಎ. ಮತ್ತು ಸಿ.ಪಿ.ಎ.: ಯಾರ ಸಹಿ ಎಲ್ಲಿ ಸಲ್ಲುತ್ತದೆ?

ನಮ್ಮ ಭಾಗದ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಇತ್ತೀಚಿನ ವರ್ಷಗಳಲ್ಲಿ ಲೆಕ್ಕಪರಿಶೋಧಕರ ಮುಂದೆ ಮತ್ತೆ ಮತ್ತೆ ಇಡುತ್ತಿರುವ ಪ್ರಶ್ನೆಯೊಂದಿದೆ. "ಸಿ.ಎ. ಎಂದರೆ ನಮಗೆ ಗೊತ್ತು. ಈ ಸಿ.ಪಿ.ಎ. ಎಂದರೆ ಏನು? ಅದು ಸಿ.ಎ.ಗಿಂತ ದೊಡ್ಡದೋ, ಚಿಕ್ಕದೋ?" ಪ್ರಶ್ನೆ ಸರಳವಾಗಿ ಕಂಡರೂ ಅದರ ಹಿಂದೆ ಬ್ಯಾಂಕಿನ ಸಾಲ, ರಫ್ತಿನ ವ್ಯವಹಾರ, ಮಕ್ಕಳ ವಿದ್ಯಾಭ್ಯಾಸ ಮುಂತಾದ ಬೆಲೆಯುಳ್ಳ ಸಂಗತಿಗಳು ಇರುತ್ತವೆ.

ಕೆಲವು ಕಾಲದ ಹಿಂದೆ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಕಿರಾಣಿ ವರ್ತಕರೊಬ್ಬರು ತಮ್ಮ ಮಗಳನ್ನೂ ಭಾಮೈದುನನನ್ನೂ ಕರೆದುಕೊಂಡು ನಮ್ಮ ಕಚೇರಿಗೆ ಬಂದಿದ್ದರು. ಉಚ್ಚಂಗೆಮ್ಮನ ಜಾತ್ರೆಯ ಗದ್ದಲ ಮುಗಿದು ಅಂಗಡಿಗೆ ಸ್ವಲ್ಪ ಬಿಡುವು ದೊರೆತ ದಿನಗಳವು. ಮಗಳು ದಾವಣಗೆರೆಯಲ್ಲಿ ಬಿ.ಕಾಂ. ಪದವಿಯನ್ನು ಉತ್ತಮ ಅಂಕಗಳೊಂದಿಗೆ ಮುಗಿಸಿದ್ದಳು. ಬೆಂಗಳೂರಿನ ತರಬೇತಿ ಕೇಂದ್ರವೊಂದರವರು ಆಕೆಗೆ ದೂರವಾಣಿಯ ಮೂಲಕ, "ಸಿ.ಎ. ಮಾಡಲು ವರ್ಷಗಟ್ಟಲೆ ಬೇಕು, ಸಿ.ಪಿ.ಎ. ಆದರೆ ಒಂದೂವರೆ ವರ್ಷದಲ್ಲಿ ಮುಗಿಯುತ್ತದೆ, ಎರಡೂ ಒಂದೇ" ಎಂದು ತಿಳಿಸಿ, ಲಕ್ಷಗಟ್ಟಲೆ ಶುಲ್ಕವನ್ನು ಬೇಗ ಕಟ್ಟುವಂತೆ ಒತ್ತಾಯಿಸಿದ್ದರು. ಭಾಮೈದುನನ ಕೈಯಲ್ಲಿ ಬ್ಯಾಂಕಿನಿಂದ ಹಿಂತಿರುಗಿ ಬಂದ ಸಾಲದ ಕಡತವಿತ್ತು. ಅವರದು ಮೆಕ್ಕೆಜೋಳ ಒಣಗಿಸಿ, ಶುಚಿಗೊಳಿಸಿ ಪಶು ಆಹಾರದ ಕಾರ್ಖಾನೆಗಳಿಗೆ ಕಳುಹಿಸುವ ಸಣ್ಣ ಘಟಕ.

"ಸರ್, ಊರ ಹತ್ತಿರದ ಒಂದೂವರೆ ಎಕರೆ ಹೊಲ ಮಾರಿದರೆ ಇವಳ ಫೀಜಿನ ಹಣ ಆಗುತ್ತದೆ. ಮಾರಲೋ, ಬೇಡವೋ ನೀವೇ ಹೇಳಬೇಕು" ಎಂದರು ತಂದೆ. ಆ ಪ್ರಶ್ನೆಗೂ, ಭಾಮೈದುನನ ಕಡತದ ತೊಂದರೆಗೂ ಮೂಲ ಒಂದೇ ಆಗಿತ್ತು. ಸಿ.ಎ. ಮತ್ತು ಸಿ.ಪಿ.ಎ.ಗಳ ವ್ಯತ್ಯಾಸವನ್ನು ಇಬ್ಬರಿಗೂ ಯಾರೂ ಬಿಡಿಸಿ ಹೇಳಿರಲಿಲ್ಲ. ಅಂದು ಅವರಿಗೆ ಹೇಳಿದ ಸಂಗತಿಗಳು ಉಳಿದ ಸದಸ್ಯರಿಗೂ ಉಪಯುಕ್ತವಾಗಬಹುದೆಂಬ ಭಾವನೆಯಿಂದ ಈ ಲೇಖನವನ್ನು ಸಿದ್ಧಪಡಿಸಿದ್ದೇನೆ.

ಹೆಸರುಗಳ ಹಿನ್ನೆಲೆ

ಚಾರ್ಟರ್ಡ್ ಅಕೌಂಟೆಂಟ್ ಎಂಬುದನ್ನು ಕನ್ನಡದಲ್ಲಿ ಸನ್ನದು ಲೆಕ್ಕಪರಿಶೋಧಕ ಎಂದು ಕರೆಯುತ್ತೇವೆ. ಸನ್ನದು ಎಂದರೆ ಅರಸರು ಕೊಟ್ಟ ಅಧಿಕಾರಪತ್ರ. 1854ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಲೆಕ್ಕಿಗರ ಸಂಘಕ್ಕೆ ಬ್ರಿಟಿಷ್ ರಾಜಮನೆತನದಿಂದ ಇಂತಹ ಸನ್ನದು ದೊರೆಯಿತು. ಮರುವರ್ಷ ಗ್ಲಾಸ್ಗೋ ನಗರದ ಸಂಘಕ್ಕೂ, 1880ರಲ್ಲಿ ಇಂಗ್ಲೆಂಡಿನ ಸಂಸ್ಥೆಗೂ ಅದೇ ಮನ್ನಣೆ ಸಂದಿತು. ಚಾರ್ಟರ್ಡ್ ಎಂಬ ವಿಶೇಷಣ ಬಂದದ್ದು ಹೀಗೆ.

ನಮ್ಮ ದೇಶದಲ್ಲಿ ಅರಸರ ಸನ್ನದಿನ ಬದಲು ಶಾಸನವೇ ಆ ಸ್ಥಾನವನ್ನು ಪಡೆಯಿತು. ಸ್ವಾತಂತ್ರ್ಯಪೂರ್ವದಲ್ಲಿ 1913ರ ಕಂಪನಿ ಕಾಯಿದೆಯಡಿ ಸರ್ಕಾರವೇ ಲೆಕ್ಕಪರಿಶೋಧಕರಿಗೆ ಪ್ರಮಾಣಪತ್ರ ನೀಡುತ್ತಿತ್ತು. 1932ರ ನಿಯಮಗಳ ತರುವಾಯ ಅವರಿಗೆ ರಿಜಿಸ್ಟರ್ಡ್ ಅಕೌಂಟೆಂಟ್ ಎಂಬ ಹೆಸರು ಬಂದಿತು. ಅನಂತರ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯಿದೆ ಅದೇ ವರ್ಷದ ಜುಲೈ 1ರಂದು ಜಾರಿಗೆ ಬಂದು, ಭಾರತೀಯ ಸನ್ನದು ಲೆಕ್ಕಪರಿಶೋಧಕರ ಸಂಸ್ಥೆ ಸ್ಥಾಪನೆಯಾಯಿತು. ಗಣರಾಜ್ಯ ಜಾರಿಗೆ ಬರುವ ಮೊದಲೇ ಹುಟ್ಟಿದ ಈ ಸಂಸ್ಥೆಯ ಸದಸ್ಯರ ಸಂಖ್ಯೆ ಇಂದು 4 ಲಕ್ಷಕ್ಕೂ ಹೆಚ್ಚು. ದೇಶದ ಯಾವ ಮೂಲೆಯಲ್ಲಿ ವೃತ್ತಿ ನಡೆಸಿದರೂ ಸಿ.ಎ. ಒಬ್ಬರಿಗೆ ಸದಸ್ಯತ್ವ ನೀಡುವುದು ಈ ಒಂದೇ ಸಂಸ್ಥೆ.

ಅಮೆರಿಕದಲ್ಲಿ ಅರಸರೂ ಇಲ್ಲ, ಸನ್ನದೂ ಇಲ್ಲ. ಅಲ್ಲಿ ಈ ಅಧಿಕಾರ ರಾಜ್ಯ ಸರ್ಕಾರಗಳ ಕೈಯಲ್ಲಿದೆ. 1896ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರಾಜ್ಯವು ಮೊದಲ ಬಾರಿಗೆ ಕಾನೂನು ಮಾಡಿ, ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಸರ್ಟಿಫೈಡ್ ಪಬ್ಲಿಕ್ ಅಕೌಂಟೆಂಟ್, ಅಂದರೆ ಪ್ರಮಾಣೀಕೃತ ಸಾರ್ವಜನಿಕ ಲೆಕ್ಕಿಗ ಎಂಬ ಪದವಿಯನ್ನು ನೀಡಿತು. ಕ್ರಮೇಣ ಉಳಿದ ರಾಜ್ಯಗಳೂ ಅದನ್ನು ಅನುಸರಿಸಿದವು. ಪರೀಕ್ಷೆ ಎಲ್ಲೆಡೆ ಒಂದೇ ಆಗಿದ್ದರೂ ಪರವಾನಗಿ ನೀಡುವವರು ಆಯಾ ರಾಜ್ಯದ ಮಂಡಳಿಯವರು. ಐವತ್ತು ರಾಜ್ಯಗಳ ಜೊತೆಗೆ ರಾಜಧಾನಿ ವಾಷಿಂಗ್ಟನ್ ಪ್ರದೇಶ ಮತ್ತು ಇತರ ಆಡಳಿತ ಪ್ರದೇಶಗಳೂ ಸೇರಿದಂತೆ ಪ್ರತಿಯೊಂದಕ್ಕೂ ತನ್ನದೇ ನಿಯಮಗಳಿವೆ.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಸಿ.ಪಿ.ಎ. ಎಂಬ ಮೂರು ಅಕ್ಷರಗಳಿಗೆ ಎಲ್ಲ ದೇಶಗಳಲ್ಲಿಯೂ ಒಂದೇ ಅರ್ಥವಿಲ್ಲ. ಕೆನಡಾ ದೇಶದಲ್ಲಿ ಹಿಂದೆ ಇದ್ದ ಮೂರು ಲೆಕ್ಕಿಗ ಸಂಸ್ಥೆಗಳು ವಿಲೀನಗೊಂಡು ಚಾರ್ಟರ್ಡ್ ಪ್ರೊಫೆಷನಲ್ ಅಕೌಂಟೆಂಟ್ ಎಂಬ ಹೆಸರನ್ನು ಪಡೆದಿವೆ. ಆಸ್ಟ್ರೇಲಿಯಾದಲ್ಲಿ ಅದು ಸರ್ಟಿಫೈಡ್ ಪ್ರಾಕ್ಟೀಸಿಂಗ್ ಅಕೌಂಟೆಂಟ್. ಆದ್ದರಿಂದ ಯಾರಾದರೂ ತಾವು ಸಿ.ಪಿ.ಎ. ಎಂದು ಹೇಳಿಕೊಂಡರೆ, ಯಾವ ದೇಶದ ಯಾವ ಸಂಸ್ಥೆಯ ಸಿ.ಪಿ.ಎ. ಎಂದು ಮೊದಲು ಕೇಳಬೇಕು.

ಮೊಹರಿಗೂ ಗಡಿಯಿದೆ

ದೊಡ್ಡದು, ಚಿಕ್ಕದು ಎಂಬ ಪ್ರಶ್ನೆಗೆ ಹರಪನಹಳ್ಳಿ ತಾಲ್ಲೂಕಿನವರಿಗೆ ಉತ್ತರ ಹೇಳುವುದು ಸುಲಭ. ಈ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಅದಕ್ಕೆ ಸೇರಿತು. ತರುವಾಯ ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ಹೊಸದಾಗಿ ರಚಿತವಾದ ವಿಜಯನಗರ ಜಿಲ್ಲೆಯ ಭಾಗವಾಯಿತು. ಹೊಲ ಅದೇ, ಮನೆ ಅದೇ, ಬೆಟ್ಟವೂ ಅದೇ. ಆದರೆ ಕಾಗದಪತ್ರದ ಮೇಲೆ ಬೀಳಬೇಕಾದ ಜಿಲ್ಲಾಧಿಕಾರಿಗಳ ಮೊಹರು ಬದಲಾಯಿತು. ಹರಪನಹಳ್ಳಿಯ ತಹಶೀಲ್ದಾರರ ಮೊಹರು ನೆರೆಯ ಜಗಳೂರಿನ ಜಮೀನಿಗೆ ನಡೆಯುವುದಿಲ್ಲ. ಹಾಗೆಂದು ಒಬ್ಬ ತಹಶೀಲ್ದಾರರು ಇನ್ನೊಬ್ಬರಿಗಿಂತ ಚಿಕ್ಕವರಲ್ಲ. ಅವರವರ ಅಧಿಕಾರ ಅವರವರ ಸರಹದ್ದಿನೊಳಗೆ.

ಸಿ.ಎ. ಮತ್ತು ಸಿ.ಪಿ.ಎ.ಗಳ ವಿಷಯವೂ ಹೀಗೆಯೇ. ಇಬ್ಬರೂ ಲೆಕ್ಕಶಾಸ್ತ್ರ, ಲೆಕ್ಕಪರಿಶೋಧನೆ ಮತ್ತು ತೆರಿಗೆಯನ್ನು ಓದಿದವರೇ. ಆದರೆ ಭಾರತದ ಕಾನೂನು ಲೆಕ್ಕಪರಿಶೋಧಕರ ಸಹಿ ಬೇಕೆಂದು ಹೇಳಿದಲ್ಲಿ ಅಮೆರಿಕದ ಸಿ.ಪಿ.ಎ. ಸಹಿಗೆ ಬೆಲೆಯಿಲ್ಲ. ಅಮೆರಿಕದ ಕಾನೂನು ಪರವಾನಗಿ ಪಡೆದ ಸಿ.ಪಿ.ಎ. ಬೇಕೆಂದಲ್ಲಿ ನಮ್ಮ ಸಹಿಗೆ ಬೆಲೆಯಿಲ್ಲ. ಭಾರತದ ಸಿ.ಎ. ಒಬ್ಬರು ಅಮೆರಿಕಕ್ಕೆ ಹೋದ ಮಾತ್ರಕ್ಕೆ ಸಿ.ಪಿ.ಎ. ಆಗಲಾರರು, ಅಲ್ಲಿನ ಪರೀಕ್ಷೆಯನ್ನು ಬರೆಯಲೇಬೇಕು. ಅಲ್ಲಿನ ಸಿ.ಪಿ.ಎ. ಇಲ್ಲಿಗೆ ಬಂದರೂ ಅದೇ ನಿಯಮ. ಭಾರತದಲ್ಲಿ ವೃತ್ತಿನಿರತರಾದ ಸಿ.ಎ.ಗಳು ತಮ್ಮ ಭೇಟಿ ಚೀಟಿಯಲ್ಲಿ ಸಿ.ಪಿ.ಎ. ಎಂಬ ಅಕ್ಷರಗಳನ್ನು ಬಳಸಕೂಡದೆಂದು ನಮ್ಮ ಸಂಸ್ಥೆಯ ನೀತಿ ಸಂಹಿತೆಯಲ್ಲಿ ಬಹುಕಾಲದಿಂದ ಸೂಚನೆಯಿದ್ದುದನ್ನೂ ಇಲ್ಲಿ ಸ್ಮರಿಸಬಹುದು.

ನಮ್ಮಲ್ಲಿ ಸಿ.ಎ. ಸಹಿ ಬೇಕಾಗುವ ಸಂದರ್ಭಗಳು

ಖಾಸಗಿಯಾಗಲಿ, ಸಾರ್ವಜನಿಕವಾಗಲಿ, ಯಾವುದೇ ಕಂಪನಿಯಾದರೂ ವಹಿವಾಟು ಎಷ್ಟೇ ಇರಲಿ, 2013ರ ಕಂಪನಿ ಕಾಯಿದೆಯ ಪ್ರಕಾರ ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ ಕಡ್ಡಾಯ. ಆ ಕಾಯಿದೆಯ 141ನೇ ಕಲಮಿನಂತೆ ಪರಿಶೋಧಕರಾಗಿ ನೇಮಕಗೊಳ್ಳಲು ವೃತ್ತಿನಿರತ ಸಿ.ಎ. ಅಥವಾ ಸಿ.ಎ.ಗಳ ಸಂಸ್ಥೆ ಮಾತ್ರ ಅರ್ಹ. ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ, ಅಂದರೆ ಎಲ್.ಎಲ್.ಪಿ. ಆಗಿದ್ದಲ್ಲಿ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಅಥವಾ ಪಾಲುದಾರರ ಬಂಡವಾಳ 25 ಲಕ್ಷ ರೂಪಾಯಿ ಮೀರಿದಾಗ ಪರಿಶೋಧನೆ ಅನ್ವಯಿಸುತ್ತದೆ.

ಸ್ವಂತ ಮಾಲೀಕತ್ವದ ಅಂಗಡಿ ಹಾಗೂ ಸಾಮಾನ್ಯ ಪಾಲುದಾರಿಕೆಗಳಿಗೆ ಮುಖ್ಯವಾಗಿ ಅನ್ವಯಿಸುವುದು ಆದಾಯ ತೆರಿಗೆಯ ಲೆಕ್ಕಪರಿಶೋಧನೆ. 1984ರ ಹಣಕಾಸು ಕಾಯಿದೆಯ ಮೂಲಕ 1961ರ ಆದಾಯ ತೆರಿಗೆ ಕಾಯಿದೆಗೆ 44ಎಬಿ ಎಂಬ ಕಲಮು ಸೇರಿದಾಗ ವ್ಯಾಪಾರಕ್ಕೆ ಮಿತಿ 40 ಲಕ್ಷ ರೂಪಾಯಿ ಇತ್ತು. ಅದು ಮುಂದೆ 60 ಲಕ್ಷಕ್ಕೂ, ತರುವಾಯ 1 ಕೋಟಿಗೂ ಏರಿತು. 2020ರಲ್ಲಿ ನಗದು ವ್ಯವಹಾರ ಕಡಿಮೆಯಿರುವವರಿಗೆ 5 ಕೋಟಿಯ ಮಿತಿ ಬಂದು, 2021ರಲ್ಲಿ ಅದು 10 ಕೋಟಿಯಾಯಿತು. 1961ರ ಕಾಯಿದೆಯ ಸ್ಥಾನಕ್ಕೆ ರೂಪಿಸಲಾದ, 2026ರ ಏಪ್ರಿಲ್ 1 ಜಾರಿಯ ದಿನವಾಗಿರುವ 2025ರ ಕಾಯಿದೆಯಲ್ಲಿಯೂ ಈ ಪರಿಶೋಧನೆಯ ವ್ಯವಸ್ಥೆಯನ್ನು ಉಳಿಸಿಕೊಳ್ಳಲಾಗಿದೆ.

ಈ 10 ಕೋಟಿಯ ವಿಷಯದಲ್ಲಿ ನಮ್ಮ ಭಾಗದ ವರ್ತಕರು ಮಾಡಿಕೊಳ್ಳುವ ತಪ್ಪನ್ನು ಒತ್ತಿ ಹೇಳಬೇಕಾಗಿದೆ. ವರ್ಷದ ಒಟ್ಟು ಸ್ವೀಕೃತಿಯಲ್ಲಿ ನಗದು ಶೇಕಡಾ 5ನ್ನು ಮೀರಕೂಡದು. ಅಷ್ಟೇ ಅಲ್ಲದೆ, ಒಟ್ಟು ಪಾವತಿಯಲ್ಲಿಯೂ ನಗದು ಶೇಕಡಾ 5ನ್ನು ಮೀರಕೂಡದು. ಕಾರ್ಖಾನೆಯಿಂದ ಬರುವ ಹಣವೆಲ್ಲ ಬ್ಯಾಂಕಿನ ಮೂಲಕವೇ ಬರುತ್ತದೆಂದು ನೆಮ್ಮದಿಯಾಗಿರುವವರು, ಸುಗ್ಗಿಯಲ್ಲಿ ಮೆಕ್ಕೆಜೋಳ, ಶೇಂಗಾ, ಜೋಳ ತಂದ ರೈತರಿಗೆ ಕೈಯಲ್ಲಿ ಎಣಿಸಿಕೊಟ್ಟ ಹಣವನ್ನು ಮರೆಯುತ್ತಾರೆ. ಎರಡರಲ್ಲಿ ಒಂದು ಷರತ್ತು ತಪ್ಪಿದರೂ ಮಿತಿ 1 ಕೋಟಿಗೆ ಇಳಿಯುತ್ತದೆ.

ದಲಾಲಿ ಅಂಗಡಿಯವರಿಗೆ ಇನ್ನೊಂದು ಸಂಗತಿ. ರೈತರ ಮಾಲನ್ನು ಅವರ ಪರವಾಗಿ ಮಾರಿಸಿ ದಲಾಲಿಯನ್ನಷ್ಟೇ ಪಡೆಯುವ ಕಚ್ಚಾ ಅಡತಿಯವರ ವಹಿವಾಟನ್ನು ಲೆಕ್ಕ ಹಾಕುವಾಗ ಮಾಲಿನ ಪೂರ್ಣ ಬೆಲೆಯನ್ನು ಸೇರಿಸಬೇಕಾಗಿಲ್ಲ, ದಲಾಲಿಯ ಮೊತ್ತವನ್ನು ಮಾತ್ರ ಗಣಿಸಬೇಕೆಂದು ಕೇಂದ್ರ ನೇರ ತೆರಿಗೆಗಳ ಮಂಡಳಿಯು 1986ರ ಮಾರ್ಚ್‌ನಲ್ಲಿ ಹೊರಡಿಸಿದ 452ನೇ ಸುತ್ತೋಲೆ ಸ್ಪಷ್ಟಪಡಿಸಿದೆ. ತಾವೇ ಮಾಲು ಕೊಂಡು ತಮ್ಮ ಹೊಣೆಯಲ್ಲಿ ಮಾರುವ ಪಕ್ಕಾ ಅಡತಿಯವರಿಗೆ ಈ ಅನುಕೂಲವಿಲ್ಲ. ಎಷ್ಟೋ ಅಂಗಡಿಗಳಲ್ಲಿ ಎರಡೂ ಬಗೆಯ ವ್ಯಾಪಾರ ಒಂದೇ ಕಿರ್ದಿಯಲ್ಲಿ ಬೆರೆತಿರುತ್ತದೆ. ಅವನ್ನು ಬೇರೆ ಬೇರೆ ಖಾತೆಗಳಲ್ಲಿ ಇಡುವಂತೆ ಗುಮಾಸ್ತರಿಗೆ ಸೂಚಿಸುವುದು ಕ್ಷೇಮ.

ಎಲ್ಲ ಕೆಲಸಕ್ಕೂ ಸಿ.ಎ. ಬೇಕೆಂದೇನೂ ಇಲ್ಲ. ಜಿ.ಎಸ್.ಟಿ. ವಿವರಪಟ್ಟಿಗಳನ್ನು ನೋಂದಾಯಿತ ಜಿ.ಎಸ್.ಟಿ. ಪ್ರಾಕ್ಟೀಷನರ್ ಸಲ್ಲಿಸಬಹುದು. ಜಿ.ಎಸ್.ಟಿ. ವಾರ್ಷಿಕ ಲೆಕ್ಕ ಹೊಂದಾಣಿಕೆ ಪತ್ರಕ್ಕೆ 2020-21ನೇ ಹಣಕಾಸು ವರ್ಷದಿಂದ ಪರಿಶೋಧಕರ ಸಹಿ ಬೇಕಾಗಿಲ್ಲ, ವರ್ತಕರ ಸ್ವಯಂ ದೃಢೀಕರಣ ಸಾಕು. ಸರಕಿನ ತಯಾರಿಕಾ ವೆಚ್ಚದ ಪರಿಶೋಧನೆಗೆ 1959ರ ಕಾಯಿದೆಯಡಿ ಸ್ಥಾಪಿತವಾದ ಪ್ರತ್ಯೇಕ ಸಂಸ್ಥೆಯ ಕಾಸ್ಟ್ ಅಕೌಂಟೆಂಟರಿದ್ದಾರೆ. ಅನೇಕ ವರ್ಷಗಳಿಂದ ನಮ್ಮ ಊರುಗಳಲ್ಲಿ ತೆರಿಗೆ ಸಲಹೆಗಾರರು ಪ್ರಾಮಾಣಿಕವಾಗಿ ಸೇವೆ ಸಲ್ಲಿಸುತ್ತಿದ್ದಾರೆ, ಅವರ ಸೇವೆಯನ್ನು ಕಡೆಗಣಿಸುವ ಉದ್ದೇಶ ಈ ಲೇಖನಕ್ಕಿಲ್ಲ. ಯಾವ ಕೆಲಸಕ್ಕೆ ಯಾರ ಸಹಿ ಎಂಬುದನ್ನು ಅರಿತಿರಬೇಕೆಂಬುದಷ್ಟೇ ಮುಖ್ಯ.

ಹಿಂತಿರುಗಿ ಬಂದ ಕಡತ

ಮೆಕ್ಕೆಜೋಳದ ಘಟಕದ ಮಾಲೀಕರಿಗೆ ಆದ ತೊಂದರೆ ಇಲ್ಲಿಯದೇ. ಸುಗ್ಗಿಗೆ ಮುನ್ನ ದುಡಿಯುವ ಬಂಡವಾಳದ ಸಾಲದ ಮಿತಿಯನ್ನು ಹೆಚ್ಚಿಸಿಕೊಳ್ಳಲು ಅವರು ಬ್ಯಾಂಕಿಗೆ ಅರ್ಜಿ ಹಾಕಿದ್ದರು. ಬ್ಯಾಂಕಿನವರು ಪರಿಶೋಧಿತ ಅಢಾವೆ ಪತ್ರಿಕೆಯನ್ನೂ ಲಾಭ-ನಷ್ಟದ ಲೆಕ್ಕವನ್ನೂ ಕೇಳಿದರು. ಇವರು ನಗರವೊಂದರಲ್ಲಿ ಸಿ.ಪಿ.ಎ. ಎಂಬ ಫಲಕ ಹಾಕಿಕೊಂಡಿದ್ದ ಸಲಹೆಗಾರರೊಬ್ಬರಿಂದ, ಕಡಿಮೆ ಶುಲ್ಕಕ್ಕೆ, ಅಂದವಾಗಿ ಮುದ್ರಿಸಿದ ಲೆಕ್ಕಪತ್ರಗಳನ್ನು ದುಂಡು ಮೊಹರಿನೊಂದಿಗೆ ಪಡೆದು ಸಲ್ಲಿಸಿದ್ದರು. ಆ ಮೂರು ಅಕ್ಷರಗಳು ಯಾವ ದೇಶದವೆಂದು ಕೇಳುವ ಗೋಜಿಗೆ ಹೋಗಿರಲಿಲ್ಲ.

ಬ್ಯಾಂಕಿನ ಅಧಿಕಾರಿ ಕಾಗದವನ್ನು ತಿರುವಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಯು.ಡಿ.ಐ.ಎನ್. ಸಂಖ್ಯೆ ಎಲ್ಲಿ?" ಸಿ.ಎ.ಗಳು ಸಹಿ ಮಾಡುವ ಪ್ರತಿಯೊಂದು ಪ್ರಮಾಣಪತ್ರಕ್ಕೂ ನಮ್ಮ ಸಂಸ್ಥೆಯ ಜಾಲತಾಣದಲ್ಲಿ 18 ಅಂಕಿ-ಅಕ್ಷರಗಳ ವಿಶಿಷ್ಟ ಗುರುತಿನ ಸಂಖ್ಯೆಯನ್ನು ಪಡೆದು ನಮೂದಿಸಬೇಕೆಂಬ ನಿಯಮ 2019ರ ಫೆಬ್ರವರಿ 1ರಿಂದ ಜಾರಿಯಲ್ಲಿದೆ. ಅದೇ ವರ್ಷದ ಏಪ್ರಿಲ್‌ನಿಂದ ತೆರಿಗೆ ಪರಿಶೋಧನಾ ವರದಿಗಳಿಗೂ, ಜುಲೈ 1ರಿಂದ ಉಳಿದೆಲ್ಲ ಪರಿಶೋಧನಾ ವರದಿಗಳಿಗೂ ಅದು ವಿಸ್ತರಿಸಿತು. ನಕಲಿ ಸಹಿ, ನಕಲಿ ಮೊಹರುಗಳ ಹಾವಳಿಯನ್ನು ತಡೆಯಲೆಂದೇ ಬಂದ ವ್ಯವಸ್ಥೆಯಿದು. ಬ್ಯಾಂಕಾಗಲಿ, ಸರ್ಕಾರಿ ಕಚೇರಿಯಾಗಲಿ, ಸಾಮಾನ್ಯ ವರ್ತಕರಾಗಲಿ, ಯಾರು ಬೇಕಾದರೂ ಆ ಸಂಖ್ಯೆಯನ್ನು ಜಾಲತಾಣದಲ್ಲಿ ನಮೂದಿಸಿ ಪ್ರಮಾಣಪತ್ರದ ಸತ್ಯಾಸತ್ಯತೆಯನ್ನು ತಿಳಿಯಬಹುದು. ಸಿ.ಎ. ಅಲ್ಲದವರಿಗೆ ಈ ಸಂಖ್ಯೆ ದೊರೆಯುವುದಿಲ್ಲ.

ಕಡತ ಹಿಂತಿರುಗಿತು. ಅಷ್ಟಕ್ಕೇ ಮುಗಿಯಲಿಲ್ಲ. ರೈತರಿಗೆ ನಗದು ಕೊಟ್ಟ ಕಾರಣ ಅವರಿಗೆ 10 ಕೋಟಿಯ ಮಿತಿ ಅನ್ವಯಿಸದೆ, ತೆರಿಗೆ ಪರಿಶೋಧನೆ ಆಗಬೇಕಾಗಿದ್ದ ಪ್ರಕರಣ ಅದಾಗಿತ್ತು. ಆ ವರದಿಯನ್ನು ಆದಾಯ ತೆರಿಗೆ ಇಲಾಖೆಯ ಜಾಲತಾಣಕ್ಕೆ ಸಿ.ಎ. ತಮ್ಮ ಹೆಸರಿನಲ್ಲಿಯೇ ಸಲ್ಲಿಸಬೇಕು. ಮುದ್ರಿತ ಕಾಗದ ಕೊಟ್ಟವರಿಗೆ ಅದು ಸಾಧ್ಯವೇ ಇರಲಿಲ್ಲ, ಗಡುವು ಕಳೆದುಹೋಗಿತ್ತು. ಆಗ ಅನ್ವಯವಾಗುತ್ತಿದ್ದ 271ಬಿ ಕಲಮಿನಂತೆ ದಂಡ ವಹಿವಾಟಿನ ಶೇಕಡಾ ಅರ್ಧ ಅಥವಾ 1.5 ಲಕ್ಷ ರೂಪಾಯಿ, ಇವೆರಡರಲ್ಲಿ ಕಡಿಮೆಯಾದದ್ದು. ಹೊಸದಾಗಿ ರಶೀದಿ, ಖರೀದಿ ಚೀಟಿಗಳನ್ನು ಪರಿಶೀಲಿಸಿ ಪರಿಶೋಧನೆ ಮುಗಿಸುವಷ್ಟರಲ್ಲಿ ಸುಗ್ಗಿ ಮುಗಿಯುತ್ತ ಬಂದಿತ್ತು. ಆ ವರ್ಷ ಅವರು ಖಾಸಗಿ ಬಡ್ಡಿಗೆ ಹಣ ತಂದು ಮಾಲು ಕೊಂಡರು. ಶುಲ್ಕದಲ್ಲಿ ಉಳಿಸಿದ ಕೆಲವು ಸಾವಿರಗಳು ಬಡ್ಡಿಯ ಒಂದು ತಿಂಗಳಿಗೂ ಸಾಲಲಿಲ್ಲ.

ಇಲ್ಲಿ ಮತ್ತೊಂದು ಮಾತು. ಸಂಸ್ಥೆಯ ಸದಸ್ಯರಲ್ಲದವರು ತಾವು ಸಿ.ಎ. ಎಂದು ಹೇಳಿಕೊಳ್ಳುವುದು 1949ರ ಕಾಯಿದೆಯ 24ನೇ ಕಲಮಿನಂತೆ ಶಿಕ್ಷಾರ್ಹ ಅಪರಾಧ.

ಅಮೆರಿಕದ ಖರೀದಿದಾರರು ಸಿ.ಪಿ.ಎ. ವರದಿ ಕೇಳಿದಾಗ

ಕರ್ನಾಟಕದಿಂದ ಅಮೆರಿಕ, ಯುರೋಪುಗಳಿಗೆ ಹೋಗುವ ಮಿಡಿಸೌತೆ, ಅಂದರೆ ಗೆರ್ಕಿನ್, ಸಿದ್ಧ ಉಡುಪು, ಗ್ರಾನೈಟ್ ಮುಂತಾದ ಸರಕುಗಳ ವ್ಯಾಪಾರದಲ್ಲಿ ತೊಡಗಿರುವವರಿಗೆ ಇನ್ನೊಂದು ಬಗೆಯ ಗೊಂದಲ ಎದುರಾಗುತ್ತದೆ. ಅಲ್ಲಿನ ಖರೀದಿದಾರರು ಹೊಸ ಸರಬರಾಜುದಾರರನ್ನು ಸೇರಿಸಿಕೊಳ್ಳುವಾಗ ಸಿ.ಪಿ.ಎ. ಪರಿಶೀಲಿಸಿದ ಹಣಕಾಸು ವಿವರಗಳನ್ನು ಕೇಳುವುದುಂಟು. ನಮ್ಮ ರಫ್ತುದಾರರೊಬ್ಬರು ಇಂತಹ ಪತ್ರ ಬಂದಾಗ ಗಾಬರಿಗೊಂಡು, ಅಮೆರಿಕದ ಸಿ.ಪಿ.ಎ. ಒಬ್ಬರನ್ನು ಡಾಲರ್ ಲೆಕ್ಕದಲ್ಲಿ ಶುಲ್ಕ ಕೊಟ್ಟು ನೇಮಿಸಿಕೊಳ್ಳಲು ಹೊರಟಿದ್ದರು.

ಅಲ್ಲಿನ ಪದ್ಧತಿಯನ್ನು ಅರಿತರೆ ಗಾಬರಿಗೆ ಕಾರಣವಿಲ್ಲ. ಅಮೆರಿಕದಲ್ಲಿ ಖಾಸಗಿ ಕಂಪನಿಗಳಿಗೆ ನಮ್ಮಲ್ಲಿರುವಂತೆ ಸಾಮಾನ್ಯವಾದ ಕಡ್ಡಾಯ ವಾರ್ಷಿಕ ಪರಿಶೋಧನೆಯಿಲ್ಲ. ಆದ್ದರಿಂದ ಸಿ.ಪಿ.ಎ.ಗಳು ಮೂರು ಹಂತಗಳ ಸೇವೆ ನೀಡುತ್ತಾರೆ. ಮೊದಲನೆಯದು ಮಾಲೀಕರು ಕೊಟ್ಟ ಅಂಕಿಗಳನ್ನು ಕ್ರಮಬದ್ಧ ಪತ್ರಿಕೆಯಾಗಿ ಜೋಡಿಸಿಕೊಡುವ ಸಂಕಲನ. ಎರಡನೆಯದು ವಿಚಾರಣೆ ಹಾಗೂ ಅಂಕಿಗಳ ತುಲನೆಯಿಂದ ಸೀಮಿತ ಭರವಸೆ ನೀಡುವ ಪರಿಶೀಲನೆ. ಮೂರನೆಯದು ರಶೀದಿ, ದಾಸ್ತಾನು, ಬಾಕಿದಾರರ ದೃಢೀಕರಣಗಳವರೆಗೆ ಹೋಗುವ ಪೂರ್ಣ ಪರಿಶೋಧನೆ. ನಮ್ಮ ಕಂಪನಿಗಳು ವರ್ಷವೂ ಮಾಡಿಸುವುದು ಈ ಮೂರನೆಯದನ್ನು. ಅಂದರೆ ಖರೀದಿದಾರರು ಕೇಳಿದ್ದಕ್ಕಿಂತ ಮೇಲಿನ ಹಂತದ ವರದಿ ಆ ರಫ್ತುದಾರರ ಕಪಾಟಿನಲ್ಲಿಯೇ ಇತ್ತು.

ನಾವು ಮಾಡಿದ್ದು ಇಷ್ಟೇ. ಸಿ.ಎ. ಸಹಿ ಮಾಡಿದ ಇಂಗ್ಲಿಷ್ ಲೆಕ್ಕಪತ್ರಗಳ ಜೊತೆಗೆ ಒಂದು ಪುಟದ ವಿವರಣೆಯನ್ನು ಕಳುಹಿಸಿದೆವು. ಭಾರತದ ಕಾನೂನಿನಂತೆ ಇಲ್ಲಿ ಪರಿಶೋಧನೆ ಮಾಡುವ ಅಧಿಕಾರ ಯಾರಿಗಿದೆ, ನಮ್ಮ ಸಂಸ್ಥೆಯು 1977ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಲೆಕ್ಕಿಗರ ಒಕ್ಕೂಟದ ಸ್ಥಾಪಕ ಸದಸ್ಯ ಸಂಸ್ಥೆಗಳಲ್ಲೊಂದು, ನಮ್ಮ ಪರಿಶೋಧನಾ ಮಾನದಂಡಗಳು ಅಂತರರಾಷ್ಟ್ರೀಯ ಮಾನದಂಡಗಳನ್ನು ಆಧರಿಸಿವೆ ಎಂಬುದು ಅದರ ಸಾರಾಂಶ. ಖರೀದಿದಾರರು ಒಪ್ಪಿದರು. ಇದು ಖರೀದಿದಾರರ ಆಂತರಿಕ ನಿಯಮವೇ ಹೊರತು ಕಾನೂನಿನ ಕಟ್ಟಳೆಯಲ್ಲ, ಆದ್ದರಿಂದ ವಿನಯದಿಂದ ವಿವರಿಸಿದರೆ ಬಹಳಷ್ಟು ವೇಳೆ ಕೆಲಸ ನಡೆಯುತ್ತದೆ. ಆದರೆ ಅಮೆರಿಕದಲ್ಲಿಯೇ ಕಂಪನಿ ತೆರೆದು ಅಲ್ಲಿ ತೆರಿಗೆ ಸಲ್ಲಿಸಬೇಕಾದಾಗ, ಅಥವಾ ಅಲ್ಲಿ ನೆಲೆಸಿರುವ ಮಕ್ಕಳ ತೆರಿಗೆಯ ಪ್ರಶ್ನೆ ಬಂದಾಗ, ಅಲ್ಲಿನ ಸಿ.ಪಿ.ಎ. ಅವರನ್ನೇ ಕೇಳಬೇಕು. ಆ ವಿಷಯದಲ್ಲಿ ನಮ್ಮ ಊರಿನ ಸಿ.ಎ. ಮಾತನ್ನು ಅಂತಿಮವೆಂದು ನಂಬುವುದು ಸರಿಯಲ್ಲ.

ಬೆಂಗಳೂರಿನ ಒಂದು ಉದಾಹರಣೆ

ಎರಡೂ ವ್ಯವಸ್ಥೆಗಳು ಮುಖಾಮುಖಿಯಾದುದಕ್ಕೆ ಕರ್ನಾಟಕದಲ್ಲಿಯೇ ದೊಡ್ಡ ಉದಾಹರಣೆಯಿದೆ. 1999ರ ಮಾರ್ಚ್‌ನಲ್ಲಿ ಬೆಂಗಳೂರಿನ ಇನ್ಫೋಸಿಸ್ ಅಮೆರಿಕದ ನಾಸ್ಡಾಕ್ ಷೇರುಪೇಟೆಯಲ್ಲಿ ನೋಂದಣಿಯಾದ ಮೊದಲ ಭಾರತೀಯ ಕಂಪನಿಯಾಯಿತು. ಅದಕ್ಕಾಗಿ ಭಾರತದ ನಿಯಮಗಳಂತೆ ಒಂದು, ಅಮೆರಿಕದ ಲೆಕ್ಕಪದ್ಧತಿಯಂತೆ ಇನ್ನೊಂದು ಹೀಗೆ ಎರಡು ಬಗೆಯ ಲೆಕ್ಕಪತ್ರಗಳನ್ನು ಸಿದ್ಧಪಡಿಸಬೇಕಾಯಿತು. ಆಗ ಆ ಕಂಪನಿಯ ಹಣಕಾಸು ವಿಭಾಗದ ಮುಖ್ಯಸ್ಥರಾಗಿದ್ದ ಟಿ.ವಿ. ಮೋಹನದಾಸ್ ಪೈ ಅವರು ಭಾರತದ ಸಿ.ಎ. ಎಂಬುದು ಗಮನಾರ್ಹ. ಅಮೆರಿಕದ ಲೆಕ್ಕಪದ್ಧತಿಯನ್ನು ಅರಿಯಲು ಸಿ.ಪಿ.ಎ. ಆಗಿರಲೇಬೇಕೆಂದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಎನ್ರಾನ್ ಹಗರಣದ ತರುವಾಯ 2002ರಲ್ಲಿ ಅಮೆರಿಕ ಹೊಸ ಕಾನೂನು ಮಾಡಿ, ಷೇರುಪೇಟೆಯ ಕಂಪನಿಗಳನ್ನು ಪರಿಶೋಧಿಸುವ ಸಂಸ್ಥೆಗಳ ಮೇಲೆ ನಿಗಾ ಇಡಲು ಪ್ರತ್ಯೇಕ ಮಂಡಳಿಯನ್ನು ರಚಿಸಿತು. ಅಲ್ಲಿ ನೋಂದಣಿ ಮಾಡಿಸಿಕೊಂಡ ಭಾರತದ ಪರಿಶೋಧನಾ ಸಂಸ್ಥೆಗಳೂ ಅಂತಹ ಕಂಪನಿಗಳ ಪರಿಶೋಧನೆ ನಡೆಸಬಹುದು. ಅಧಿಕಾರದೊಂದಿಗೆ ಹೊಣೆಯೂ ಬರುತ್ತದೆ. 2009ರ ಜನವರಿಯಲ್ಲಿ ಬಯಲಾದ ಸತ್ಯಂ ಹಗರಣದ ಸಂಬಂಧ, ಆ ಕಂಪನಿಯ ಪರಿಶೋಧನೆ ನಡೆಸಿದ್ದ ಪ್ರೈಸ್ ವಾಟರ್‌ಹೌಸ್‌ನ ಭಾರತದ ಸಂಸ್ಥೆಗಳ ಮೇಲೆ ಅಮೆರಿಕದ ಷೇರು ವಿನಿಮಯ ಆಯೋಗ ಹಾಗೂ ಆ ಮಂಡಳಿ 2011ರಲ್ಲಿ ಒಟ್ಟು 75 ಲಕ್ಷ ಡಾಲರ್ ದಂಡ ವಿಧಿಸಿದವು. ಸಹಿ ಯಾವ ದೇಶದ್ದಾದರೂ ತಪ್ಪಿಗೆ ರಿಯಾಯಿತಿ ಇಲ್ಲ.

ಓದಬೇಕಾದುದು ಯಾವುದು?

ಇನ್ನು ಮಗಳ ಪ್ರಶ್ನೆ. ಸಿ.ಎ. ವ್ಯಾಸಂಗದಲ್ಲಿ ಫೌಂಡೇಷನ್, ಇಂಟರ್‌ಮೀಡಿಯೇಟ್, ಫೈನಲ್ ಎಂಬ ಮೂರು ಹಂತಗಳಿವೆ. ವಾಣಿಜ್ಯ ಪದವಿಯಲ್ಲಿ ಶೇಕಡಾ 55 ಅಂಕ ಪಡೆದವರು ಫೌಂಡೇಷನ್ ಬರೆಯದೆ ನೇರವಾಗಿ ಎರಡನೆಯ ಹಂತಕ್ಕೆ ಸೇರಬಹುದು. ಇಂಟರ್‌ಮೀಡಿಯೇಟ್‌ನಲ್ಲಿ ಆರು, ಫೈನಲ್‌ನಲ್ಲಿ ಆರು ಪತ್ರಿಕೆಗಳು. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ ಶೇಕಡಾ 40, ಗುಂಪಿನಲ್ಲಿ ಒಟ್ಟು ಶೇಕಡಾ 50 ಬರಬೇಕು. ನಡುವೆ ವೃತ್ತಿನಿರತ ಸಿ.ಎ. ಒಬ್ಬರ ಬಳಿ ಆರ್ಟಿಕಲ್‌ಶಿಪ್, ಅಂದರೆ ಪ್ರಾಯೋಗಿಕ ತರಬೇತಿ. ಹಿಂದೆ ಮೂರು ವರ್ಷವಿದ್ದ ಈ ಅವಧಿಯನ್ನು 2023ರ ಹೊಸ ಯೋಜನೆ ಎರಡು ವರ್ಷಕ್ಕೆ ಇಳಿಸಿದೆ. ತರಬೇತಿಯ ಅವಧಿಯಲ್ಲಿ ಅಲ್ಪವಾದರೂ ವೇತನವಿದೆ. ಪರೀಕ್ಷೆ ಕಠಿಣ. ಎರಡು-ಮೂರು ಪ್ರಯತ್ನಗಳಾಗುವುದು ಸಾಮಾನ್ಯ, ಅದನ್ನು ಮುಚ್ಚಿಡಬೇಕಾಗಿಲ್ಲ.

ಅಮೆರಿಕದ ಸಿ.ಪಿ.ಎ. ಪರೀಕ್ಷೆಯಲ್ಲಿ ತಲಾ ನಾಲ್ಕು ಗಂಟೆಗಳ ನಾಲ್ಕು ವಿಭಾಗಗಳು. 2024ರ ಜನವರಿಯಿಂದ ಜಾರಿಗೆ ಬಂದ ಪದ್ಧತಿಯಂತೆ ಪರಿಶೋಧನೆ, ಹಣಕಾಸು ವರದಿ ಹಾಗೂ ತೆರಿಗೆ-ಕಾನೂನು ಈ ಮೂರು ಎಲ್ಲರಿಗೂ ಕಡ್ಡಾಯ. ನಾಲ್ಕನೆಯದನ್ನು ಅಭ್ಯರ್ಥಿಯೇ ಆರಿಸಿಕೊಳ್ಳಬಹುದು. ಪ್ರತಿ ವಿಭಾಗದಲ್ಲಿ 75 ಅಂಕ ಪಡೆಯಬೇಕು. 2020ರಿಂದ ಈ ಪರೀಕ್ಷೆಯನ್ನು ಭಾರತದಲ್ಲಿಯೇ, ಬೆಂಗಳೂರು ಸೇರಿದಂತೆ ಕೆಲವು ನಗರಗಳಲ್ಲಿ ಬರೆಯಬಹುದಾಗಿದೆ. ಇಷ್ಟನ್ನು ತರಬೇತಿ ಕೇಂದ್ರಗಳು ಹೇಳುತ್ತವೆ.

ಹೇಳದೆ ಬಿಡುವ ಸಂಗತಿಗಳೂ ಇವೆ. ಪರೀಕ್ಷೆಗೆ ಕೂರಲು ಬಹುತೇಕ ರಾಜ್ಯಗಳಲ್ಲಿ ಬೇಕಾಗುವ ಶೈಕ್ಷಣಿಕ ಅಂಕಘಟಕಗಳು ನಮ್ಮ ಮೂರು ವರ್ಷದ ಬಿ.ಕಾಂ.ನಿಂದ ಅನೇಕ ವೇಳೆ ಪೂರ್ತಿಯಾಗುವುದಿಲ್ಲ. ಎಂ.ಕಾಂ. ಅಥವಾ ಬೇರೆ ಓದನ್ನು ಸೇರಿಸಬೇಕಾಗುತ್ತದೆ. ಪರೀಕ್ಷೆ ಮುಗಿಸುವುದು ಬೇರೆ, ಪರವಾನಗಿ ಪಡೆಯುವುದು ಬೇರೆ. ಪರವಾನಗಿಗೆ ಬಹುಕಾಲ 150 ಅಂಕಘಟಕಗಳ ಓದು ಹಾಗೂ ಅನುಭವದ ಷರತ್ತಿದ್ದು, ಇತ್ತೀಚೆಗೆ ಅನೇಕ ರಾಜ್ಯಗಳು ಪರ್ಯಾಯ ಮಾರ್ಗ ತೆರೆದಿವೆ. ಶುಲ್ಕಗಳೆಲ್ಲ ಡಾಲರ್‌ನಲ್ಲಿ, ರೂಪಾಯಿ ಇಳಿದಂತೆ ಹೊರೆ ಏರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪರವಾನಗಿ ಬಂದರೂ ಹರಪನಹಳ್ಳಿಯಲ್ಲಾಗಲಿ, ಕೊಟ್ಟೂರಿನಲ್ಲಾಗಲಿ ಕಚೇರಿ ತೆರೆದು ಒಂದು ಪರಿಶೋಧನಾ ವರದಿಗೂ ಸಹಿ ಮಾಡುವಂತಿಲ್ಲ.

ಹಾಗಾದರೆ ಸಿ.ಪಿ.ಎ. ವ್ಯರ್ಥವೇ? ಖಂಡಿತ ಅಲ್ಲ. ಬೆಂಗಳೂರಿನಲ್ಲಿ ಅಮೆರಿಕದ ಕಂಪನಿಗಳ ಲೆಕ್ಕ, ತೆರಿಗೆ ಕೆಲಸಗಳನ್ನು ನಿರ್ವಹಿಸುವ ದೊಡ್ಡ ಕಚೇರಿಗಳಿವೆ. ಅಲ್ಲಿ ಆ ವಿದ್ಯೆಗೆ ಬೇಡಿಕೆಯಿದೆ, ಗೌರವವಿದೆ. ಅಮೆರಿಕದಲ್ಲಿ ನೆಲೆಸುವ ಸಂಭವವಿರುವವರಿಗೂ ಅದು ಉಪಯುಕ್ತ. ಸಿ.ಎ. ಮುಗಿಸಿದವರು ಸಿ.ಪಿ.ಎ.ಯನ್ನೂ ಪಡೆದು ಎರಡೂ ಕಡೆ ಸಲ್ಲುವ ಉದಾಹರಣೆಗಳು ಅನೇಕ. ತಪ್ಪಿರುವುದು ವಿದ್ಯೆಯಲ್ಲಿ ಅಲ್ಲ, "ಎರಡೂ ಒಂದೇ" ಎಂಬ ಮಾತಿನಲ್ಲಿ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಲೆಕ್ಕಪತ್ರಕ್ಕೆ ಸಹಿ ಮಾಡುವವರ ಸದಸ್ಯತ್ವ ಸಂಖ್ಯೆಯನ್ನೂ ಯು.ಡಿ.ಐ.ಎನ್. ಸಂಖ್ಯೆಯನ್ನೂ ಕಾಗದದ ಮೇಲೆ ನೋಡಿಯೇ ಶುಲ್ಕ ನೀಡಿರಿ. ಸಂಖ್ಯೆಯನ್ನು ಜಾಲತಾಣದಲ್ಲಿ ಪರಿಶೀಲಿಸಿರಿ.

2. ನಗದು ಸ್ವೀಕೃತಿ ಮತ್ತು ನಗದು ಪಾವತಿಗಳ ಪ್ರಮಾಣವನ್ನು ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕಿ, ಪರಿಶೋಧನೆ ಅನ್ವಯವಾಗುವುದೇ ಎಂಬುದನ್ನು ವರ್ಷಾಂತ್ಯಕ್ಕೆ ಮುನ್ನವೇ ತಿಳಿಯಿರಿ.

3. ಕಚ್ಚಾ ಅಡತಿ ಮತ್ತು ಸ್ವಂತ ವ್ಯಾಪಾರದ ಖಾತೆಗಳನ್ನು ಬೇರೆ ಬೇರೆಯಾಗಿ ಇಡಿರಿ.

4. ವಿದೇಶಿ ಖರೀದಿದಾರರು ಸಿ.ಪಿ.ಎ. ವರದಿ ಕೇಳಿದರೆ, ಅದು ಸಂಕಲನವೋ, ಪರಿಶೀಲನೆಯೋ, ಪರಿಶೋಧನೆಯೋ ಎಂದು ಬರಹದಲ್ಲಿ ಕೇಳಿ ತಿಳಿದು, ಮೊದಲು ನಿಮ್ಮ ಪರಿಶೋಧಕರೊಂದಿಗೆ ಚರ್ಚಿಸಿರಿ.

5. ಮಕ್ಕಳನ್ನು ವೃತ್ತಿ ಶಿಕ್ಷಣಕ್ಕೆ ಸೇರಿಸುವ ಮುನ್ನ, ಮುಗಿಸಿದ ಮೇಲೆ ಅವರು ಎಲ್ಲಿ ಕೆಲಸ ಮಾಡಬಯಸುತ್ತಾರೆಂಬುದನ್ನು ಕೇಳಿರಿ. ಪರೀಕ್ಷಾರ್ಹತೆಯ ಮೌಲ್ಯಮಾಪನ ಕೈಗೆ ಬರುವವರೆಗೆ ತರಬೇತಿಯ ಪೂರ್ಣ ಶುಲ್ಕವನ್ನು ಕಟ್ಟಬೇಡಿರಿ.

ಉಪಸಂಹಾರ

ಅಂದು ಕಚೇರಿಯಲ್ಲಿ ತಂದೆಗೆ ಉತ್ತರಿಸುವ ಬದಲು ಮಗಳನ್ನೇ ಕೇಳಿದೆ: "ಓದು ಮುಗಿದ ಮೇಲೆ ನೀನು ಎಲ್ಲಿ ಕೆಲಸ ಮಾಡಬೇಕೆಂದಿದ್ದೀಯಮ್ಮ?" ಆಕೆ ತಡಮಾಡದೆ, "ಸರ್, ನಮ್ಮ ತಾಲ್ಲೂಕಿನಲ್ಲಿಯೇ ಕಚೇರಿ ತೆರೆಯಬೇಕೆಂದಿದೆ. ಮಾವನ ಕಡತ ವಾಪಸು ಬಂದದ್ದನ್ನು ನೋಡಿದ್ದೇನೆ" ಎಂದಳು. ಅಲ್ಲಿಗೆ ಪ್ರಶ್ನೆ ಬಗೆಹರಿಯಿತು. ಪದವಿಯ ಅಂಕಗಳ ಆಧಾರದ ಮೇಲೆ ನೇರವಾಗಿ ಇಂಟರ್‌ಮೀಡಿಯೇಟ್‌ಗೆ ಹೆಸರು ನೋಂದಾಯಿಸಿದಳು. ನೋಂದಣಿಯ ಶುಲ್ಕಕ್ಕೆ ಅಂಗಡಿಯ ಗಲ್ಲಾಪೆಟ್ಟಿಗೆಯೇ ಸಾಕಾಯಿತು, ಹೊಲ ಉಳಿಯಿತು. ಆಕೆ ಎಷ್ಟನೆಯ ಪ್ರಯತ್ನದಲ್ಲಿ ತೇರ್ಗಡೆಯಾಗುವಳೋ ಈಗಲೇ ಹೇಳಲಾಗದು. ಆದರೆ ಆಕೆ ಪಡೆಯಲಿರುವ ಸಹಿ ಆಕೆ ಇರಬಯಸುವ ಊರಿನಲ್ಲಿ ಸಲ್ಲುತ್ತದೆ.

ಸಹಿಯ ಬೆಲೆ ಅದರ ಹಿಂದಿನ ಅಕ್ಷರಗಳಲ್ಲಿಲ್ಲ, ಅದಕ್ಕೆ ಮನ್ನಣೆ ಕೊಡುವ ಕಾನೂನಿನಲ್ಲಿದೆ. ಸದಸ್ಯ ಬಂಧುಗಳು ಕಾಗದಕ್ಕೆ ಹಣ ಕೊಡುವ ಮುನ್ನ ಈ ಒಂದು ಅಂಶವನ್ನು ವಿಚಾರಿಸಿ ಮುಂದುವರಿಯಬೇಕೆಂದು ವಿನಂತಿಸುತ್ತೇನೆ.